ಎತ್ತಿದ ಗಾಂಧಾರ

"ಕದ್ದವನನ್ನು ಹಿಡಿಯುವುದಕ್ಕೆ ವಿದ್ಯೆಯಲ್ಲಿ ಒಂದು ಸುಳ್ಳು ಬೆರೆಸಬಹುದೇ?" ಎಂದು ಶಿಷ್ಯ ಕೇಳಿದ.

ಗುರುಗಳು ತಂಬೂರಿಯ ತಂತಿ ಒರೆಸುತ್ತಿದ್ದರು. ಕದ್ದವನು ಯಾರು ಎಂದು ಅವರು ಕೇಳಲಿಲ್ಲ. ಶಿಷ್ಯನಿಗೆ ತಡೆಯಲಾಗಲಿಲ್ಲ, ತಾನೇ ಹೇಳಿದ. ಅವನ ಮನೆಯ ಕೆಳಗೆ ಒಬ್ಬ ಸ್ಟುಡಿಯೋ ಇಟ್ಟಿದ್ದಾನೆ. ಸಿನಿಮಾಗಳಿಗೆ ಹಾಡು ಕಟ್ಟುತ್ತಾನೆ. ಅವನ ಹೊಸ ಹಾಡು ಈಗ ಆಟೋಗಳಲ್ಲಿ, ಮದುವೆ ಮನೆಗಳಲ್ಲಿ, ಎಲ್ಲರ ಮೊಬೈಲಿನಲ್ಲಿ. ಅದರ ಪಲ್ಲವಿ ಮಾತ್ರ ಶಿಷ್ಯ ಬೆಳಿಗ್ಗೆ ಸಾಧನೆಗೆ ಕೂತಾಗ ಮಾಡುವ ಆಲಾಪನೆಯ ತುಂಡು.

"ಕೇಳಿದರೆ, ರಾಗ ಯಾರಪ್ಪನ ಮನೆ ಸ್ವತ್ತೂ ಅಲ್ಲ ಅಂತಾನೆ. ಒಂದು ತಪ್ಪು ಸ್ವರವನ್ನು ಗುರುತಿಗೆ ಇಟ್ಟು ಹಾಡಿದರೆ ಸಿಕ್ಕಿಬೀಳ್ತಾನಲ್ಲ?"

ಗುರುಗಳು ತಂಬೂರಿಯನ್ನು ಗೋಡೆಗೆ ಒರಗಿಸಿದರು. ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ವಿದ್ವಾಂಸನಿದ್ದ. ಅವನ ತೋಡಿ ರಾಗಕ್ಕೆ ದೊಡ್ಡ ಹೆಸರು. ತೋಡಿಯಲ್ಲಿ ಇಳಿದು ಬರುವಾಗ ಗಾಂಧಾರ ಎಂಬ ಸ್ವರವನ್ನು ಆ ಮನೆತನದವರು ಮೇಲಿನಿಂದ ಜಾರಿಸಿ, ಅಲ್ಲೇ ಕೊಂಚ ತೂಗಿ, ಮೆಲ್ಲಗೆ ಬಿಡುತ್ತಿದ್ದರು. ಕೇಳಿದವರಿಗೆ ಯಾರೋ ತಮ್ಮನ್ನು ಹೆಸರು ಹಿಡಿದು ಕರೆದಂತಾಗುತ್ತಿತ್ತು. ಅದು ಬರೆದಿಡಲು ಬರುವಂಥದ್ದಲ್ಲ. ಅಜ್ಜನ ಗಂಟಲಿನಿಂದ ಅಪ್ಪನ ಗಂಟಲಿಗೆ, ಅಪ್ಪನಿಂದ ಇವನಿಗೆ ಬಂದಿತ್ತು. ಇವನಿಗೆ ಮಕ್ಕಳಿರಲಿಲ್ಲ. ಶಿಷ್ಯರು ಇನ್ನೂ ತೋಡಿಯ ಹೊಸ್ತಿಲಿಗೆ ಬಂದಿರಲಿಲ್ಲ. ಹಾಗಾಗಿ ಆ ಗಾಂಧಾರ ಆಗ ಅವನೊಬ್ಬನ ಗಂಟಲಲ್ಲಿತ್ತು.

ಊರಿಗೆ ಒಂದು ನಾಟಕ ಕಂಪನಿ ಬಂತು. ಕಂಪನಿಗೆ ಒಬ್ಬ ಹಾರ್ಮೋನಿಯಂ ಮಾಸ್ತರನಿದ್ದ. ನಾಟಕಕ್ಕೆ ಹಾಡು ಕಟ್ಟುವುದು ಅವನ ಕೆಲಸ. ಅವನ ಹಾಡು ಸಂಜೆ ಡೇರೆಯಲ್ಲಿ ಹುಟ್ಟಿದರೆ ಬೆಳಗಾಗುವುದರೊಳಗೆ ಊರಿನ ಬಾಯಲ್ಲಿರುತ್ತಿತ್ತು.

ಒಂದು ದಿನ ಸೊಪ್ಪು ಮಾರುವವಳು ಬುಟ್ಟಿ ಹೊತ್ತು ವಿದ್ವಾಂಸನ ಮನೆಯ ಮುಂದೆ ಹಾದುಹೋದಳು. ಯಾವುದೋ ನಾಟಕದ ಹಾಡು ಗುನುಗುತ್ತಿದ್ದಳು. ವಿದ್ವಾಂಸ ಉಣ್ಣುತ್ತಿದ್ದವನು ಎಲೆಯಿಂದ ಕೈಯೆತ್ತಿದ. ಅವಳ ಬಾಯಲ್ಲಿ ಗಾಂಧಾರ ಮೇಲಿನಿಂದ ಜಾರಿತು, ತೂಗಿತು, ಮೆಲ್ಲಗೆ ಬಿಟ್ಟುಕೊಟ್ಟಿತು.

ಬೇರೆ ಯಾರಾದರೂ ಆಗಿದ್ದರೆ ಖುಷಿಪಡುತ್ತಿದ್ದರೋ ಏನೋ. ಇವನಿಗೆ ಮಾತ್ರ ಮೈ ಉರಿದುಹೋಯಿತು.

ಅನುಮಾನ ಬಂದವನಿಗೆ ಕೆಲಸ ಜಾಸ್ತಿ. ಮೊದಲು ಅವನು ಕಿಟಕಿಯನ್ನು ಅನುಮಾನಿಸಿದ. ಅದು ಬೀದಿಗೆ ತೆರೆದುಕೊಂಡಿತ್ತು. ಆಮೇಲೆ ಮೃದಂಗದವನನ್ನು ಅನುಮಾನಿಸಿದ. ಆತ ಒಮ್ಮೆ ನಾಟಕ ನೋಡಿ ಬಂದು ಚೆನ್ನಾಗಿದೆ ಅಂದಿದ್ದ. ಆಮೇಲೆ ಶಿಷ್ಯರ ಸರದಿ. ಯಾರು ಬೇಗ ಮನೆಗೆ ಹೋಗುತ್ತಾರೆ, ಯಾರು ಡೇರೆಯ ಕಡೆಯಿಂದ ಬರುತ್ತಾರೆ ಎಂದು ಕಣ್ಣಿಟ್ಟ. ಕಡೆಗೆ ಹೆಂಡತಿ ಮೊಸರು ಕಡೆಯುತ್ತಾ ಏನೋ ಗುನುಗಿದಾಗ ಒಳಗೆ ಹೋಗಿ, ಅದೇನು ಹಾಡು ಎಂದು ಕೇಳಿದ. ಆಕೆ ಅಂದಿನಿಂದ ಗುನುಗುವುದನ್ನೇ ಬಿಟ್ಟಳು.

ಆಗ ಅವನಿಗೆ ಉಪಾಯ ಹೊಳೆಯಿತು. ಗಾಂಧಾರವನ್ನು ಮೇಲಿನಿಂದ ಜಾರಿಸುವ ಬದಲು ಕೆಳಗಿನಿಂದ ಎತ್ತಿ ಹಾಡುವುದು. ಅದು ಅವನ ಮನೆತನದವರು ಯಾರೂ ಮಾಡದ ಕೆಲಸ. ಮಾಸ್ತರನ ಮುಂದಿನ ಹಾಡಿನಲ್ಲಿ ಎತ್ತಿದ ಗಾಂಧಾರ ಬಂದರೆ ಕಳ್ಳ ಸಿಕ್ಕಂತೆ.

ಮರುದಿನ ಬೆಳಿಗ್ಗೆ ಕಿಟಕಿ ಪೂರ್ತಿ ತೆಗೆದು, ಬೀದಿಗೆಲ್ಲ ಕೇಳುವಂತೆ ತಪ್ಪು ಹಾಡಿದ. ಹಾಡಿ ಎದ್ದವನು ಬಾಯಿ ಮುಕ್ಕಳಿಸಿದ. ಕೆಲವು ದಿನ ಹೀಗೆ ಮುಕ್ಕಳಿಸುತ್ತಿದ್ದ. ಆಮೇಲೆ ಅದು ಮರೆತುಹೋಯಿತು.

ಅಷ್ಟರಲ್ಲಿ ಶಿಷ್ಯರಿಗೆ ತೋಡಿ ಕಲಿಸುವ ಕಾಲ ಬಂತು. ಅವರಿಗೂ ಎತ್ತಿದ್ದನ್ನೇ ಕಲಿಸಿದ. ಅವರಲ್ಲೇ ಒಬ್ಬ ಅದನ್ನು ಡೇರೆಗೆ ಹೊತ್ತು ಹಾಕುತ್ತಿದ್ದರೆ? ಕಳ್ಳ ಸಿಕ್ಕ ಮೇಲೆ ತಿದ್ದಿದರಾಯಿತು ಎಂದುಕೊಂಡ. ಸರಿಯಾದ ಗಾಂಧಾರವನ್ನು ಬಚ್ಚಲಲ್ಲಿ ಕೂಡ ಹಾಡಲಿಲ್ಲ. ಮನಸ್ಸಿನಲ್ಲಿ ಭದ್ರವಾಗಿದೆ ಎಂದು ನಂಬಿದ. ಎಲ್ಲರನ್ನೂ ಅನುಮಾನಿಸಿದವನು ತನ್ನ ಗಂಟಲನ್ನು ಮಾತ್ರ ಅನುಮಾನಿಸಲಿಲ್ಲ.

ಎಷ್ಟೋ ತಿಂಗಳಾದ ಮೇಲೆ ಕಂಪನಿ ಹೊಸ ನಾಟಕ ಕಟ್ಟಿತು. ಹೊಸ ಹಾಡು ಬಂತು. ಅದರಲ್ಲಿ ಗಾಂಧಾರ ಕೆಳಗಿನಿಂದ ಎದ್ದಿತ್ತು. ಊರಿಗೆ ಊರೇ ಅದನ್ನು ಹಾಡಿತು. ವಿದ್ವಾಂಸ ಅಂದು ಮನೆಯಲ್ಲಿ ಪಾಯಸ ಮಾಡಿಸಿದ.

ಮಠದ ಹಜಾರದಲ್ಲಿ ಹಿರಿಯ ವಿದ್ವಾಂಸರನ್ನು ಸೇರಿಸಿದ. ಮಾಸ್ತರನನ್ನು ಕರೆಸಿದ. ತಾನು ಹೂಡಿದ ಉಪಾಯವನ್ನು ಎಲ್ಲರೆದುರು ಹೇಳಿ, "ಈಗ ಏನಂತೀಯ?" ಎಂದು ಕೇಳಿದ.

ಮಾಸ್ತರ ಕೈಮುಗಿದ. "ನಿಮ್ಮ ಕಿಟಕಿ ಕೆಳಗೆ ನಿಂತು ಕೇಳಿದ್ದು ನಿಜ, ಬುದ್ಧಿ. ಮೊದಲಿದ್ದ ಗಾಂಧಾರಾನೇ ನನಗೆ ಹಿಡಿಸಿತ್ತು. ಆದರೆ ನೀವೇ ಬದಲಾಯಿಸಿದ ಮೇಲೆ ಇದೇ ಸರಿ ಇರಬೇಕು ಅಂದ್ಕೊಂಡೆ. ಹಳೇ ಹಾಡನ್ನೂ ಹಾಗೇ ತಿದ್ದಿಸಿದೆ. ನೀವು ತಪ್ಪು ಹಾಡ್ತೀರಿ ಅಂತ ನಾನು ಹೇಗೆ ಅಂದ್ಕೊಳ್ಳಲಿ?"

ಹಜಾರದಲ್ಲಿ ಎಲ್ಲರಿಗಿಂತ ಹಿರಿಯರು, "ಅದಾಯಿತು. ಸರಿಯಾದ್ದನ್ನು ಹಾಡಪ್ಪಾ, ಕೇಳೋಣ" ಎಂದರು.

ವಿದ್ವಾಂಸ ಕಣ್ಣು ಮುಚ್ಚಿ ಮೇಲಿನಿಂದ ಇಳಿದ. ಗಾಂಧಾರ ಕೆಳಗಿನಿಂದ ಎದ್ದಿತು. ಗಂಟಲು ಸರಿಮಾಡಿಕೊಂಡು ಮತ್ತೆ ಇಳಿದ. ಮತ್ತೆ ಎದ್ದಿತು. ತಪ್ಪಾಗುತ್ತಿದೆ ಎಂದು ಕಿವಿಗೆ ಗೊತ್ತಿತ್ತು. ಸರಿ ಎಲ್ಲಿದೆ ಎಂದು ಗಂಟಲಿಗೆ ತಿಳಿಯಲಿಲ್ಲ. ಗುರುವಿನ ಸಂಕಟ ನೋಡಲಾರದೆ ಶಿಷ್ಯರು ದನಿ ಸೇರಿಸಿದರು. ಎಲ್ಲರೂ ಚೊಕ್ಕವಾಗಿ, ಕಲಿಸಿದಂತೆಯೇ, ಎತ್ತಿಯೇ ಹಾಡಿದರು. ಹಳೆಯದು ತನಗೂ ಈಗ ಬರುವುದಿಲ್ಲ ಎಂದು ಮಾಸ್ತರ ತಲೆ ತಗ್ಗಿಸಿದ. ಕಳ್ಳ ಸಿಕ್ಕಿದ್ದ, ಕದ್ದ ಮಾಲು ಯಾರ ಹತ್ತಿರವೂ ಇರಲಿಲ್ಲ.

ಆಮೇಲೆ ವಿದ್ವಾಂಸನಿಗೆ ಸೊಪ್ಪಿನವಳ ನೆನಪಾಯಿತು. ಅವಳು ನಾಟಕ ನೋಡುವವಳಲ್ಲ. ಹಳೇ ಹಾಡನ್ನು ಯಾರಿಂದಲೋ ಕೇಳಿ ಕಲಿತವಳು. ಮಾಸ್ತರ ತಿದ್ದಿದ್ದು ಅವಳವರೆಗೆ ಹೋಗಿರಲಿಕ್ಕಿಲ್ಲ. ಸಂತೆಗೆ ಓಡಿದ. ಅವಳ ಮುಂದೆ ನಿಂತು, ಆ ಹಳೇ ಹಾಡು ಹೇಳು ಎಂದ. ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಶಾಲು ಹೊದ್ದ ಗಂಡಸೊಬ್ಬ ಸಂತೆಯ ನಡುವೆ ಬಂದು ಹಾಡು ಅಂದರೆ ಯಾರಿಗೆ ತಾನೇ ಅನುಮಾನ ಬರುವುದಿಲ್ಲ? ಸೆರಗು ಬಿಗಿದುಕೊಂಡು, ಸೊಪ್ಪು ಬೇಕಾದರೆ ತಗೊಳ್ಳಿ ಎಂದಳು.

ಅಂದಿನಿಂದ ಅವನು ದಿನಾ ಬೆಳಿಗ್ಗೆ ಅವಳು ಬರುವ ದಾರಿಯ ಗೋಡೆಯ ಮರೆಯಲ್ಲಿ ನಿಲ್ಲತೊಡಗಿದ. ಕೆಮ್ಮು ಬಂದರೆ ಬಾಯಿಗೆ ಶಾಲು ಒತ್ತಿಕೊಳ್ಳುತ್ತಿದ್ದ. ಅವಳು ಒಂದೊಂದು ದಿನ ಗುನುಗುತ್ತಿದ್ದಳು, ಒಂದೊಂದು ದಿನ ಇಲ್ಲ. ಗುನುಗಿದ ದಿನ ಹಳೇ ಹಾಡೋ ಹೊಸದೋ ಎಂದು ಉಸಿರು ಬಿಗಿಹಿಡಿದು ಕೇಳುತ್ತಿದ್ದ. ಅವಳು ಹೊಸ ಹಾಡನ್ನೂ ಕಲಿಯತೊಡಗಿದ್ದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ಕೇಳಿದ: "ಅವನಿಗೆ ಅದು ಮತ್ತೆ ಸಿಕ್ಕಿತೇ?"

ಗುರುಗಳು ತಂಬೂರಿಯನ್ನು ಮಡಿಲಿಗೆ ಎಳೆದುಕೊಂಡರು.

"ಅದಿರಲಿ, ನಿನ್ನೆ ಪಾಠದಲ್ಲಿ ನಿನ್ನ ಸ್ವರ ಒಂದು ಕಡೆ ತಪ್ಪಿತಲ್ಲ, ಅದು ಕೆಳಗಿನ ಮನೆಯವನಿಗೆ ಗುರುತಿಗೆ ಇಟ್ಟಿದ್ದೋ, ಆಗಲೇ ನಿನ್ನದೇ ಆಗಿಹೋಗಿದೆಯೋ?"

ಶಿಷ್ಯ ಹಾಡಿ ತೋರಿಸಲು ಬಾಯಿ ತೆರೆದ. ದನಿ ಹೊರಡಿಸಲು ಧೈರ್ಯ ಬರಲಿಲ್ಲ.