ಗೌರಿಯ ಗೃಹಪ್ರವೇಶ

ದೇಸಾಯರು ಹಳೆಯ ದನದ ಕೊಟ್ಟಿಗೆಗೆ ಸುಣ್ಣ ಬಳಿಸಿ, ಹೆಂಚು ಹೊದಿಸಿ, ಬೀಗರು ಬಂದರೆ ಉಳಿಯಲೆಂದು ಪುಟ್ಟ ಚೆಂದದ ಮನೆ ಮಾಡಿಸಿದರು.

"ಇನ್ನ ಆ ಮುದಿ ಗೌರಿಗೆ ಜಾಗ ಇಲ್ಲ. ಸಂತ್ಯಾಗ ಮಾರಿ ಬಾ," ಎಂದು ಆಳು ಬರಮಣ್ಣನನ್ನು ಗದರಿದರು.

"ಆಗ್ಲಿರಿ ಧಣ್ಯಾರ. ಆದ್ರ ಗೃಹಪ್ರವೇಶಕ್ಕ ಮೊದಲ ಆಕಳ ಒಳಗ ಹೋಗಬೇಕಲ್ರಿ?"

ದೇಸಾಯರು ಒಪ್ಪಿದರು.

ಗೃಹಪ್ರವೇಶದ ದಿನ ಗೌರಿ ಬೀಗರ ಎದುರಿಗೇ ಒಳಹೊಕ್ಕು, ನೆಟ್ಟಗೆ ತನ್ನ ಹಳೆಯ ಮೂಲೆಗೆ ನಡೆದು, ಹೊಸ ಮಂಚದ ಪಕ್ಕ ಮಲಗಿ ಮೆಲುಕು ಹಾಕತೊಡಗಿದಳು.

"ಹೊರಗ ಎಳಿಯೋ!" ದೇಸಾಯರು ಪಿಸುಗುಟ್ಟಿದರು.

"ಮನಿಗೆ ಬಂದ ಲಕ್ಷ್ಮೀನ ಹೊರಗ ಹೆಂಗ ಎಳೀಲಿರಿ?" ಬರಮಣ್ಣ ಗಟ್ಟಿಯಾಗಿಯೇ ಕೇಳಿದ.

ಬೀಗರು ತಿರುಗಿ ನೋಡಿದರು. ದೇಸಾಯರು ಹುಳ್ಳಗೆ ನಕ್ಕರು.

"ಲಕ್ಷ್ಮಿಗೆ ಹಿತ್ತಲದಾಗ ಹೊಸಾ ಕೊಟ್ಟಿಗಿ ಕಟ್ಟಸ್ತೀನಿ!" ಎಂದು ಎಲ್ಲರಿಗೂ ಕೇಳುವಂತೆ ಸಾರಿದರು.

ಬರಮಣ್ಣ ಬೆನ್ನ ಹಿಂದೆ ಬಚ್ಚಿಟ್ಟಿದ್ದ ಹಸಿ ಮೇವು ತೋರಿಸಿದ. ಗೌರಿ ಎದ್ದಳು.

"ಬಾರವ್ವ," ಎಂದ, "ಜಾಗಾ ಆರಿಸ್ಕೊ."