ಬೊಮ್ಮಣ್ಣ ಹೇಳಿದ ಕೂಡುದಾರಿಯ ಚರಿತ್ರೆ

ಮಕ್ಕಳೇ, ಕುರುಚಲು ಕಾಡಿನ ನಡುವೆ ನಾಲ್ಕು ಕಾಲುದಾರಿಗಳು ಕೂಡುವ ಜಾಗವೊಂದಿತ್ತು. ಅಲ್ಲೊಂದು ನೀರಿನ ಹೊಂಡ, ಅದರ ಸುತ್ತ ಕೆಲವು ಪ್ರಾಣಿಗಳ ಬಿಡಾರ. ಊರು ಅಂದರೆ ಅಷ್ಟೇ. ನೀರು ಕುಡಿದ ದಾರಿಹೋಕರು ತಾವು ಬಂದ ದಾರಿಯ ಸುದ್ದಿ ಹೇಳಿ ಹೋಗಬೇಕು ಎಂಬುದು ಅಲ್ಲಿಯ ಪದ್ಧತಿ.

ಹೊಂಡದ ಪಕ್ಕದ ಹುತ್ತದ ಮೇಲೆ ಬೊಮ್ಮಣ್ಣ ಎಂಬ ಉಡ ಕೂತಿರುತ್ತಿತ್ತು. ಊರು ಕಟ್ಟಿದ್ದು ತನ್ನ ಮುತ್ತಜ್ಜ ಎಂಬ ಹೆಮ್ಮೆ ಅದಕ್ಕೆ. ಇರಲಿ, ಬೇಡ ಅಂದವರಾರು? ಆದರೆ ಬರಬರುತ್ತಾ ಅದು ಸುದ್ದಿ ಕೇಳುವುದನ್ನೇ ಬಿಟ್ಟು, ಬಂದವರಿಗೆಲ್ಲ ಊರಿನ ಚರಿತ್ರೆ ಕೊರೆಯತೊಡಗಿತು.

ಒಂದು ಬೆಳಗ್ಗೆ ಮುಂಗುಸಿಯೊಂದು ಏದುಸಿರು ಬಿಡುತ್ತಾ ಓಡಿ ಬಂತು.

"ಬೊಮ್ಮಣ್ಣ, ಮೂಡಣ ದಾರೀಲಿ..."

"ಕೂತ್ಕೋ ತಮ್ಮಾ. ಮೊದಲು ಚರಿತ್ರೆ ಕೇಳು."

ಪಕ್ಕದ ಬಿಡಾರದ ಮೊಲ ಗಂಗವ್ವನೂ ದಾಕ್ಷಿಣ್ಯಕ್ಕೆ ಬಂದು ಕೂತಿತು. ಅದರ ಎರಡು ಎಳೆಮರಿಗಳು ಮೂಡಣ ದಾರಿಯ ಹುಲ್ಲಿನಲ್ಲಿ ಮಲಗಿದ್ದವು.

"ನಮ್ಮ ಮುತ್ತಜ್ಜ ಬಂದಾಗ ಇಲ್ಲಿ ಒಂದು ಹನಿ ನೀರಿರಲಿಲ್ಲ..."

"ಅಣ್ಣಾ, ಅಲ್ಲಿ..."

"ದೊಡ್ಡವರು ಮಾತಾಡುವಾಗ ನಡುವೆ ಬಾಯಿ ಹಾಕಬಾರದು!"

ಆಗ ನೆಲ ಅದುರಿತು. ಹೊಂಡದ ನೀರು ತುಳುಕಿತು. ಬೊಮ್ಮಣ್ಣ ಹಿಗ್ಗಿ ಹೀರೇಕಾಯಿಯಾಯಿತು.

"ನೋಡಿದ್ರಾ? ಮುತ್ತಜ್ಜನ ಹೆಸರೆತ್ತಿದರೆ ಭೂಮಿಯೇ ತಲೆದೂಗುತ್ತೆ!"

ಮುಂಗುಸಿಯ ತಾಳ್ಮೆ ಕೆಟ್ಟಿತು. ಉಡದ ಬಾಲ ಹಿಡಿದು ಕಚ್ಚಿಯೇಬಿಟ್ಟಿತು. ಬೊಮ್ಮಣ್ಣ ಬೆಚ್ಚಿ ಮಾತು ನಿಲ್ಲಿಸಿದ್ದೇ ತಡ, "ಆನೆ ಹಿಂಡು! ಮೂಡಣ ದಾರೀಲೇ ಬರ್ತಿದೆ!" ಎಂದು ಮುಂಗುಸಿ ಕೂಗಿತು.

"ಅಯ್ಯೋ, ನನ್ನ ಮಕ್ಕಳು!" ಗಂಗವ್ವ ಬಾಣದಂತೆ ನೆಗೆಯಿತು. ಒಂದು ಮರಿಯನ್ನು ಅದು ಕಚ್ಚಿಕೊಂಡಿತು, ಇನ್ನೊಂದನ್ನು ಮುಂಗುಸಿ. ಇಬ್ಬರೂ ಮುಳ್ಳುಪೊದೆಯೊಳಗೆ ನುಗ್ಗುವಷ್ಟರಲ್ಲಿ ಮರಿಗಳು ಮಲಗಿದ್ದ ಜಾಗದ ಮೇಲೆ ಆನೆಯ ಕಾಲು ಬಿತ್ತು. ಬೊಮ್ಮಣ್ಣ ಬಂಡೆಯ ಸಂದಿಗೆ ತೂರಿಕೊಂಡಿತು. ಅದು ಕೂರುತ್ತಿದ್ದ ಹುತ್ತ ಪುಡಿಪುಡಿಯಾಯಿತು.

ಆನೆಗಳು ಹೋದ ಮೇಲೆ ಗಂಗವ್ವ ಮರಿಗಳೊಂದಿಗೆ ಪೊದೆಯಿಂದ ಹೊರಬಂತು.

"ಬೊಮ್ಮಣ್ಣ, ಇನ್ನೊಂದು ಗಳಿಗೆ ತಡವಾಗಿದ್ರೆ ನನ್ನ ಮಡಿಲು ಬರಿದಾಗ್ತಿತ್ತಲ್ಲ!"

"ತಪ್ಪಾಯ್ತು ಕಣವ್ವ," ಎಂದು ಉಡ ತಲೆ ತಗ್ಗಿಸಿತು. ಅದಕ್ಕೆ ನಿಜಕ್ಕೂ ನಾಚಿಕೆಯಾಗಿತ್ತು.

ಅಂದಿನಿಂದ ಊರಿನ ಚರಿತ್ರೆ ಹೇಳುವ ಕೆಲಸ ಗಂಗವ್ವನ ಪಾಲಿಗೆ ಬಂತು. ಅದು ಹೇಳುವ ಚರಿತ್ರೆ ಬಲು ಚಿಕ್ಕದು: "ಬೊಮ್ಮಣ್ಣ ಮಾತಾಡ್ತಾನೇ ಇದ್ದ. ಆನೆಗಳು ಬಂದೇಬಿಟ್ಟವು."

ಮರಿಗಳೆರಡೂ ಬಿದ್ದು ಬಿದ್ದು ನಗುತ್ತಿದ್ದವು. ಬೊಮ್ಮಣ್ಣ ಮಾತ್ರ ಆ ಮರಿಗಳನ್ನು ನೋಡಿ, ಬಂದವರ ಸುದ್ದಿಗೆ ಕಿವಿಗೊಡುತ್ತಿತ್ತು.

ನೀತಿ: ಹಿಂದಿನವರ ಹಿರಿಮೆ ಹೇಳುವ ಭರದಲ್ಲಿ ಎದುರಿಗಿದ್ದವರ ಮಾತಿಗೆ ಕಿವುಡಾಗಬಾರದು.