ಖಾಲಿ ಗಾಡಿ

"ಬುದ್ಧಿ, ನಾಳೆ ಹೊರಡುವ ಮುಂಚೆ ಒಂದೇ ಒಂದು ಗುಟುಕು ಹಾಕಿಕೊಂಡು ಹೋಗಲೇ?" ಎಂದು ಚನ್ನವೀರ ಗುರುಗಳನ್ನು ಕೇಳಿದ.

ಗುರುಗಳು ಅವರೆಕಾಯಿ ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ. "ಬಿಟ್ಟೆ ಬಿಟ್ಟೆ ಎಂದು ಊರಿಗೆಲ್ಲ ಸಾರಿದೆಯಲ್ಲ, ಈಗೇನು ಬಂತು?" ಎಂದರು.

ಚನ್ನವೀರ ಕುಡಿತ ಬಿಟ್ಟು ಮಠಕ್ಕೆ ಬಂದು ಸ್ವಲ್ಪ ದಿನವಷ್ಟೇ ಆಗಿತ್ತು. ಅವನ ಕುಡಿತ ತಾಳಲಾರದೆ ಹೆಂಡತಿ ಮಗುವನ್ನು ಕರೆದುಕೊಂಡು ತವರಿಗೆ ಹೋಗಿದ್ದಳು. ಬಿಟ್ಟದ್ದು ನಿಜವಾದರೆ ಬಂದು ಕರೆದುಕೊಂಡು ಹೋಗಲಿ ಎಂದು ಈಗ ಹೇಳಿಕಳಿಸಿದ್ದಳು.

"ಬಿಟ್ಟರೆ ನೆಮ್ಮದಿ ಅಂದಿರಿ. ಎಲ್ಲಿದೆ ಬುದ್ಧಿ ನೆಮ್ಮದಿ? ಬೆಳಿಗ್ಗೆ ಎದ್ದರೆ ಲೋಕವನ್ನೇ ಗೆದ್ದ ಹಾಗಿರುತ್ತದೆ, ಸಿಕ್ಕವರನ್ನೆಲ್ಲ ತಬ್ಬಿಕೊಳ್ಳೋಣ ಅನ್ನಿಸುತ್ತದೆ. ಮಧ್ಯಾಹ್ನ ಸಾರಿಗೆ ಉಪ್ಪು ಕಡಿಮೆಯಾಯಿತೆಂದು ಅಳು ಬರುತ್ತದೆ. ನಿನ್ನೆ ಅಡುಗೆಯವನ ಮೇಲೆ ಕೈ ಎತ್ತಿದೆ, ಯಾಕೆಂದು ನನಗೇ ಗೊತ್ತಿಲ್ಲ. ಕುಡಿಯುತ್ತಿದ್ದಾಗ ಹೀಗಿರಲಿಲ್ಲ, ಬಿದ್ದಲ್ಲಿ ಬಿದ್ದಿರುತ್ತಿದ್ದೆ. ಈ ಅವತಾರದಲ್ಲಿ ಅವಳೆದುರು ಹೇಗೆ ನಿಲ್ಲಲಿ? ಒಂದು ಗುಟುಕು ಒಳಗೆ ಹೋದರೆ ನೆಟ್ಟಗೆ ನಿಂತೇನು. ನನಗೆ ತಲೆಬುಡ ತಿಳಿಯುತ್ತಿಲ್ಲ."

"ತಿಳಿಯದಿದ್ದರೆ ಕೂತು ಕಾಯಿ ಬಿಡಿಸು," ಎಂದು ಗುರುಗಳು ಮೊರವನ್ನು ಅವನ ಕಡೆ ತಳ್ಳಿದರು. ಆಮೇಲೆ ಹೇಳತೊಡಗಿದರು.

ಒಬ್ಬ ಗಾಡಿಯವನಿದ್ದ. ಕಲ್ಲು ಹೇರುವುದೇ ಅವನ ಕಸುಬು. ಎಷ್ಟು ಹೇರುತ್ತಿದ್ದನೆಂದರೆ ಎತ್ತುಗಳ ಹೆಗಲು ಹುಣ್ಣಾಗಿ ಕೀವು ಸೋರತೊಡಗಿತು. ಕಂಡವರು ಛೀ ಎಂದರು. ಕೊನೆಗೆ ಅವನಿಗೇ ಹೇಸಿಕೆಯಾಯಿತು. ಒಂದು ದಿನ ಕಲ್ಲನ್ನೆಲ್ಲ ದಾರಿ ಪಕ್ಕಕ್ಕೆ ಉರುಳಿಸಿ, ಇನ್ನು ಇದಕ್ಕೆ ಕೈ ಹಾಕುವುದಿಲ್ಲ ಎಂದ. ಎತ್ತುಗಳ ಹುಣ್ಣು ಮಾಯತೊಡಗಿತು.

ಅಷ್ಟರಲ್ಲಿ ಬಾಣಂತನಕ್ಕೆ ಹೋಗಿದ್ದ ಹೆಂಡತಿಯನ್ನು ಕರೆತರುವ ದಿನ ಬಂತು. ಖಾಲಿ ಗಾಡಿ ಕಟ್ಟಿಕೊಂಡು ಹೊರಟ.

ಹೊರಟವನಿಗೆ ಗಾಬರಿ. ವರ್ಷಾನುಗಟ್ಟಲೆ ಓಡಾಡಿದ ದಾರಿ ಅದು. ಕಲ್ಲು ಹೇರಿದ್ದಾಗ ಗಾಡಿ ನೆಲ ಕಚ್ಚಿಕೊಂಡು ಹೋಗುತ್ತಿತ್ತು, ಅವನು ಕೂತಲ್ಲೇ ತೂಕಡಿಸುತ್ತಿದ್ದ. ಈಗ ಸಣ್ಣ ಗುಂಡಿ ಸಿಕ್ಕರೂ ಗಾಡಿ ಮೇಲಕ್ಕೆ ಹಾರುತ್ತದೆ, ಧೊಪ್ಪೆಂದು ಬೀಳುತ್ತದೆ. ಭಾರ ಎಳೆದು ರೂಢಿಯಾದ ಎತ್ತುಗಳು ಸಮತಟ್ಟು ಸಿಕ್ಕಲ್ಲಿ ಕಿತ್ತುಕೊಂಡು ಓಡಿದವು. ಅವನಿಗೆ ಎಲ್ಲಿಲ್ಲದ ಖುಷಿ. ಹಗ್ಗ ಸಡಿಲ ಬಿಟ್ಟು ಹಾಡು ಹೇಳಿದ. ಹಾಡು ಮುಗಿಯುವ ಮೊದಲೇ ಗುಂಡಿ ಬಂತು, ನಾಲಿಗೆ ಕಚ್ಚಿಕೊಂಡ.

ಇಳಿದು ಚಕ್ರ ನೋಡಿದ, ಸರಿಯಾಗಿತ್ತು. ಅಚ್ಚು ನೋಡಿದ, ಅದೂ ಸರಿಯಾಗಿತ್ತು. ಎತ್ತುಗಳನ್ನು ಬೈದ, ದಾರಿಯನ್ನು ಬೈದ. ಭಾರ ಇಳಿಸಿದ ಮೇಲೆ ಸುಖವಾಗಬೇಕಲ್ಲ, ಇದೇನು ಗ್ರಹಚಾರ ಎಂದು ನಿನ್ನ ಹಾಗೇ ತಲೆ ಕೆರೆದುಕೊಂಡ. ಹೀಗೆ ಕುಣಿಯುವ ಗಾಡಿಯಲ್ಲಿ ಹಸುಗೂಸನ್ನು ಹೇಗೆ ತರಲಿ ಎಂದು ಅವನಿಗೆ ಭಯವಾಯಿತು. ಆ ಭಯ ನಿಜವಾದದ್ದು, ಅದನ್ನು ನಾನು ಹಂಗಿಸುವುದಿಲ್ಲ.

ದಾರಿ ಪಕ್ಕದಲ್ಲಿ ಅವನೇ ಉರುಳಿಸಿದ್ದ ಕಲ್ಲುಗಳಿದ್ದವು. ಒಂದನ್ನು ಎತ್ತಿಟ್ಟ. ಕುಣಿತ ಸ್ವಲ್ಪ ತಗ್ಗಿತು. ಒಂದೇ ಒಂದು ಎಂದುಕೊಂಡವನು ಗಾಡಿ ತುಂಬುವವರೆಗೆ ನಿಲ್ಲಿಸಲಿಲ್ಲ. ಆಹಾ, ಆಮೇಲೆ ಗಾಡಿ ಎಷ್ಟು ಗಂಭೀರವಾಗಿ ಹೋಯಿತು ಅಂತೀಯ! ಹೋಗಿ ಮಾವನ ಮನೆ ಬಾಗಿಲಲ್ಲಿ ನಿಂತಿತು.

ಹೆಂಡತಿ ಕೂಸನ್ನು ಎತ್ತಿಕೊಂಡು ಹೊರಗೆ ಬಂದಳು. ಗಾಡಿಯನ್ನು ನೋಡಿದಳು.

"ನಾವು ಎಲ್ಲಿ ಕೂತುಕೊಳ್ಳೋಣ?" ಎಂದಳು.

"ಗಾಡಿ ಕುಣಿಯುತ್ತಿತ್ತು ಕಣೇ. ನಿನಗೂ ಕೂಸಿಗೂ ಏಟಾಗಬಾರದು ಅಂತಲೇ ಹೇರಿದೆ," ಎಂದ.

"ಕುಣಿದರೆ ಕುಣಿಯಲಿ ಅನ್ನಬಾರದಿತ್ತೇ? ಹುಲ್ಲು ಹಾಸಿಕೊಂಡು ಕೂರುತ್ತಿದ್ದೆ. ಗುಂಡಿ ಬಂದ ಕಡೆ ಇಬ್ಬರೂ ಇಳಿದು ನಡೆಯುತ್ತಿದ್ದೆವು," ಎಂದಳು. ಅವಳಿಗೆ ಅಳು ಬಂದಿತ್ತು.

ಇಷ್ಟು ಹೇಳಿ ಗುರುಗಳು ಸಿಪ್ಪೆಯನ್ನು ಒಂದು ಕಡೆಗೆ ಗುಡ್ಡೆ ಮಾಡಿದರು. ಚನ್ನವೀರ ಕಾಯಿ ಬಿಡಿಸುವುದನ್ನು ಯಾವಾಗಲೋ ನಿಲ್ಲಿಸಿದ್ದ.

"ಆಮೇಲೆ ಅವನು ಕಲ್ಲು ಇಳಿಸಿದನೇ ಬುದ್ಧಿ?" ಎಂದು ಕೇಳಿದ.

"ನನಗೇನು ಗೊತ್ತಯ್ಯಾ, ಅವಳು ಕೂಸನ್ನು ಎತ್ತಿಕೊಂಡು ಇನ್ನೂ ಬಾಗಿಲಲ್ಲೇ ನಿಂತಿದ್ದಾಳೆ, ನಾಳೆ ನೀನೇ ಹೋಗಿ ನೋಡು."